ತಪ್ಪು ಉತ್ತರ ಶಾಲಿಗೆ ಹೋಗ್ಲಿ ಬಿಡ್ರಿ

ಮೂರನೇ ತರಗತಿಯ ಗಣಿತದ ನೋಟ್‌ಬುಕ್ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ರಬ್ಬರ್ ತಿಕ್ಕಿ ತಿಕ್ಕಿ ಹಾಳೆ ತೆಳ್ಳಗಾದ ಕಡೆ ಬೆಳಕು ಹೆಚ್ಚು ಹಾಯುತ್ತದೆ. ಹಿಂದಿನ ದಿನ ಸಂಜೆ ಹೋಮ್‌ವರ್ಕಿನ ಜಗಳ ಆದದ್ದು ಅಲ್ಲೇ. 52ರಲ್ಲಿ 27 ಕಳೆಯುವ ಲೆಕ್ಕಕ್ಕೆ ಈಗ 25 ಎಂದು ದುಂಡಗೆ ಬರೆದಿದೆ. ಅದರಡಿ ಅಳಿಸಿದ 35ರ ಗೆರೆ ಇನ್ನೂ ಮಸುಕಾಗಿ ಕಾಣುತ್ತದೆ.

ಆ 35 ಸುಮ್ಮನೆ ಬಂದದ್ದಲ್ಲ. 2ರಲ್ಲಿ 7 ಹೋಗುವುದಿಲ್ಲ ಎಂದು ಮಗು 7ರಲ್ಲಿ 2 ಕಳೆದು 5 ಬರೆದಿದೆ, ಆಮೇಲೆ 5ರಲ್ಲಿ 2 ಕಳೆದು 3. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಎಂಬಷ್ಟೇ ಅದಕ್ಕೆ ತಿಳಿದಿದೆ, ದಶಕ ಒಡೆದು ಬಿಡಿ ಮಾಡಿಕೊಳ್ಳುವುದು ತಲೆಗೆ ಹತ್ತಿಲ್ಲ. ಟೀಚರಿಗೆ ಬೇಕಾದ ಸುದ್ದಿಯೆಲ್ಲ ಆ 35ರೊಳಗೇ ಇತ್ತು. ಮನೆಯಲ್ಲಿ ಅದನ್ನು ಅಳಿಸಿ, ನಾಲ್ಕು ಬೈಗುಳದ ಜೊತೆ 25 ಬರೆಸಿದರು. ಮರುದಿನ ಅದಕ್ಕೆ ರೈಟ್ ಮಾರ್ಕ್ ಬಿತ್ತು. ಎಲ್ಲರಿಗೂ ಬಂತು ಎಂದುಕೊಂಡು ಟೀಚರ್ ಮೂರಂಕಿಯ ಕಳೆಯುವ ಲೆಕ್ಕಕ್ಕೆ ಹೋದರು. ಅವತ್ತಿನ ಸಂಜೆ ಮನೆಯಲ್ಲಿ ಇನ್ನೂ ದೊಡ್ಡ ರಂಪ.

ಹೋಮ್‌ವರ್ಕ್ ಮನೆಯ ನೆಮ್ಮದಿ ಕೆಡಿಸುವುದು ಬಹುಪಾಲು ಹೀಗೇ. ಅದರ ಪ್ರಮಾಣದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ರಬ್ಬರಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಶಾಲೆಯ ಕಡೆಯಿಂದಲೂ ಒಮ್ಮೆ ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎನ್ನುತ್ತದೆ. ಒಂದು ನೋಟ್‌ಬುಕ್ಕಿಗೆ ಎರಡೇ ನಿಮಿಷ ಹಿಡಿದರೂ 30 ಪುಸ್ತಕಕ್ಕೆ ಒಂದು ತಾಸು ಆಯಿತು. ಪೀರಿಯಡ್ ಇರುವುದು 40 ನಿಮಿಷ, ಪಾಠವೂ ಅದರಲ್ಲೇ ಆಗಬೇಕು. ಹಾಗಾಗಿ ನಡೆಯುವುದು ಏನೆಂದರೆ ಕೊನೆಯ ಸಾಲಿನ ತನಕ ಬರೆದಿದೆಯೇ ಎಂದು ನೋಡಿ ಒಂದು ಗೆರೆ ಎಳೆಯುವುದು. ಪೂರ್ತಿ ಬರೆದ, ಚೊಕ್ಕಟವಾದ ಪುಸ್ತಕಕ್ಕೆ ಒಳ್ಳೆಯ ಹೆಸರು. ಇದು ಮನೆಯವರಿಗೂ ಗೊತ್ತು. ಅದಕ್ಕೇ ಮಗು ಕಲಿಯಿತೋ ಇಲ್ಲವೋ, ಪುಸ್ತಕವಂತೂ ಚೊಕ್ಕಟ ಇರಬೇಕೆಂದು ರಾತ್ರಿ ಒಂಬತ್ತರ ತನಕ ಕೂಡಿಸುತ್ತಾರೆ.

ಇದಕ್ಕೆ ಮೊದಲ ಮದ್ದು ಬಹಳ ಸರಳ. ಲೆಕ್ಕದ ಹೊತ್ತಿಗೆ ರಬ್ಬರನ್ನು ಕಂಪಾಸ್ ಪೆಟ್ಟಿಗೆಯಿಂದ ತೆಗೆದಿಡಿ. ತಪ್ಪಾದರೆ ಅದರ ಮೇಲೆ ಒಂದೇ ಅಡ್ಡಗೆರೆ ಎಳೆದು ಪಕ್ಕದಲ್ಲಿ ಮತ್ತೆ ಮಾಡಲಿ. ಮೊದಲ ಉತ್ತರ ಓದುವಂತೆ ಉಳಿಯಬೇಕು. ಮೊದಮೊದಲು ಮಕ್ಕಳು ಇದಕ್ಕೆ ಒಪ್ಪುವುದಿಲ್ಲ, "ಹೊಲಸ ಕಾಣ್ತೈತಿ" ಎಂದು ಅಳುತ್ತವೆ. ಮೂರು ಅಡ್ಡಗೆರೆ ತನಕ ಮಾಫಿ ಎಂದು ಹೇಳಿ ನೋಡಿ, ನಾಲ್ಕೈದು ದಿನದಲ್ಲಿ ಹೊಂದಿಕೊಳ್ಳುತ್ತವೆ.

ಲೆಕ್ಕ ತಡೆದಾಗ ಮನೆಯವರು ಮಾಡಬೇಕಾದದ್ದಕ್ಕೂ ಒಂದು ಕ್ರಮ ಇದೆ. ಮೊದಲು ಮಗುವಿನ ಕೈಯಲ್ಲೇ ಪ್ರಶ್ನೆಯನ್ನು ಜೋರಾಗಿ ಓದಿಸಿ. ಓದುವಾಗಲೇ ಅರ್ಧ ತಪ್ಪು ಸಿಕ್ಕಿಬೀಳುತ್ತವೆ, ಏಕೆಂದರೆ ಮಗು ಪ್ರಶ್ನೆ ಓದದೇ ಅಂಕಿ ಮಾತ್ರ ಎತ್ತಿಕೊಂಡು ಕೂಡಿಸಿಬಿಟ್ಟಿರುತ್ತದೆ. ಆಮೇಲೆ ಕ್ಲಾಸಿನಲ್ಲಿ ಮಾಡಿಸಿದ ಇಂಥದೇ ಲೆಕ್ಕ ಯಾವ ಪುಟದಲ್ಲಿದೆ ಎಂದು ಹುಡುಕಿಸಿ, ಅದನ್ನು ಮುಂದಿಟ್ಟುಕೊಂಡು ಮಾಡಲಿ. ಅಷ್ಟಾದರೂ ಹತ್ತು ನಿಮಿಷದಲ್ಲಿ ಬರಲಿಲ್ಲವೆಂದರೆ ಪುಸ್ತಕ ಮುಚ್ಚಿ. ಡೈರಿಯಲ್ಲಿ ಹೀಗೆ ಬರೆಯಬಹುದು: "ಟೀಚರ್, 3 ಮತ್ತು 5ನೇ ಲೆಕ್ಕ ಹತ್ತು ನಿಮಿಷ ಪ್ರಯತ್ನ ಮಾಡಿದ್ದಾಳೆ. ದಶಕ ಬಿಡಿ ಮಾಡುವಲ್ಲಿ ತಡೆಯುತ್ತದೆ. ಒಮ್ಮೆ ತೋರಿಸಿಕೊಡಿ." ಎಲ್ಲಿ ತಡೆಯಿತು ಎಂಬ ಮಾತು ಅದರಲ್ಲಿ ಇರಲೇಬೇಕು. ಬರೀ "ತಿಳಿದಿಲ್ಲ" ಎಂದರೆ ನಿಮ್ಮ ಪಾಠವೇ ಸರಿಯಿಲ್ಲ ಎಂಬ ದೂರಿನಂತೆ ಕೇಳಿಸುತ್ತದೆ. ಇದನ್ನೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದರೆ ನಲವತ್ತು ಮನೆಗಳ ಮುಂದೆ ದೂರು ಹೇಳಿದಂತೆ. ಉತ್ತರ ಸಿಗುವುದಿಲ್ಲ, ಮನಸ್ತಾಪ ಸಿಗುತ್ತದೆ.

ಅರ್ಧ ಬಿಟ್ಟ ಲೆಕ್ಕಕ್ಕೆ ಶಾಲೆಯಲ್ಲಿ ಹೊಡೆತವೋ ನಿಲ್ಲಿಸುವುದೋ ಇದೆ ಎಂದಾದರೆ ವಿಷಯವೇ ಬೇರೆ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಅದೇ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ ನೇರ ಮಾತಾಡಬೇಕು, ಮಗುವಿನ ಎದುರಿಗೆ ಬೇಡ.

ಇನ್ನು ಎಷ್ಟು ಹೊತ್ತು ಎಂಬ ಪ್ರಶ್ನೆ. 2020ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ತಂದ ಶಾಲಾ ಬ್ಯಾಗ್ ನೀತಿಯಲ್ಲಿ ಹೋಮ್‌ವರ್ಕಿಗೂ ಮಿತಿ ಇದೆ. ಎರಡನೇ ತರಗತಿ ತನಕ ಹೋಮ್‌ವರ್ಕೇ ಇಲ್ಲ. 3ರಿಂದ 5ಕ್ಕೆ ವಾರಕ್ಕೆ ಹೆಚ್ಚೆಂದರೆ 2 ತಾಸು, 6ರಿಂದ 8ಕ್ಕೆ ದಿನಕ್ಕೆ 1 ತಾಸು, 9ರಿಂದ ಮೇಲೆ ದಿನಕ್ಕೆ 2 ತಾಸು. ನಾಲ್ಕನೇ ತರಗತಿಗೆ ವಾರಕ್ಕೆ 120 ನಿಮಿಷ ಎಂದರೆ ಆರು ದಿನಕ್ಕೆ ಹಂಚಿದಾಗ ದಿನಕ್ಕೆ 20 ನಿಮಿಷ. ಹುಬ್ಬಳ್ಳಿ-ಧಾರವಾಡದ ಇಂಗ್ಲಿಷ್ ಮೀಡಿಯಂ ಶಾಲೆಗಳ ಯುಕೆಜಿ ಮಕ್ಕಳ ಬ್ಯಾಗ್ ಬಿಚ್ಚಿದವರಿಗೆ ಇದನ್ನು ಓದಿ ನಗು ಬರುತ್ತದೆ. ವಿದ್ಯಾಕಾಶಿ ಎಂದು ಕರೆಸಿಕೊಂಡ ಊರಲ್ಲವೇ, ಅದರ ಬೆಲೆ ಸಣ್ಣ ಮಕ್ಕಳ ಬೆರಳು ಕಟ್ಟುತ್ತವೆ.

ಆದರೆ ಶಾಲೆಯ ಜೊತೆ ಮಾತಾಡುವ ಮೊದಲು ಅಳತೆ ಮಾಡಿಕೊಳ್ಳಬೇಕು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ವಾರ ಎರಡೇ ಅಂಕಿ ಬರೆಯಿರಿ: ಕೂತ ಹೊತ್ತು ಎಷ್ಟು, ಬರೆದ ಹೊತ್ತು ಎಷ್ಟು. ಮಗುವಿನ ಬರವಣಿಗೆಯ ವೇಗ ತಿಳಿಯಲು ಗಡಿಯಾರ ಇಟ್ಟು ಐದು ನಿಮಿಷದಲ್ಲಿ ಎಷ್ಟು ಸಾಲು ಬರೆಯುತ್ತದೆ ಎಂದು ಎಣಿಸಿ. ನಾಲ್ಕು ಸಾಲು ಬರೆಯುವ ಮಗುವಿಗೆ ಐದು ಪ್ರಶ್ನೋತ್ತರ, ಒಂದೊಂದು ನಾಲ್ಕು ಸಾಲಿನದು ಕೊಟ್ಟರೆ 20 ಸಾಲು, 25 ನಿಮಿಷ. ಅಂಥದು ಮೂರು ವಿಷಯಕ್ಕೆ ಬಂದರೆ 75 ನಿಮಿಷ ಬರೀ ಕೈಕೆಲಸ, ಯೋಚನೆ ಮಾಡುವ ಹೊತ್ತು ಬಿಟ್ಟು. ಬರೆದ ಹೊತ್ತೇ ಮಿತಿ ಮೀರುತ್ತಿದ್ದರೆ ಅದು ಶಾಲೆಯ ಜೊತೆ ಆಡಬೇಕಾದ ಮಾತು. ಮೂರು ಶಿಕ್ಷಕರಿಗೆ ಪರಸ್ಪರ ಕೊಟ್ಟದ್ದು ಗೊತ್ತೇ ಇರುವುದಿಲ್ಲ. ಕ್ಯಾಲೆಂಡರಿನ ಹಾಳೆ ತೋರಿಸಿದರೆ ಸೋಮವಾರ ಕನ್ನಡ, ಮಂಗಳವಾರ ಗಣಿತ ಎಂದು ಹಂಚಿಕೊಳ್ಳಲು ಹೆಚ್ಚಿನವರು ಒಪ್ಪುತ್ತಾರೆ. ಬರೆದದ್ದು 20 ನಿಮಿಷ, ಕೂತದ್ದು ಎರಡು ತಾಸು ಎಂದು ಬಂದರೆ ಸಮಸ್ಯೆ ಮನೆಯ ವೇಳಾಪಟ್ಟಿಯದು.

ನಮ್ಮ ಕಡೆಯ ಮನೆಗಳಲ್ಲಿ ಆ ವೇಳಾಪಟ್ಟಿ ಕೆಡುವ ಜಾಗ ಬಹಳ ಸಲ ಒಂದೇ. ರೊಟ್ಟಿ ಬಡಿಯೋ ಹೊತ್ತು. ಜೋಳದ ರೊಟ್ಟಿ ನಡುವೆ ಕೈಬಿಡುವ ಕೆಲಸವಲ್ಲ. ಕುದಿಯುವ ನೀರಲ್ಲಿ ಕಲಸಿದ ಹಿಟ್ಟು ಆರಿದರೆ ಅಂಚು ಸೀಳುತ್ತದೆ; ಹಂಚಿನ ಮೇಲೆ ಹಾಕಿದ ರೊಟ್ಟಿಗೆ ನೀರು ಸವರುವುದು ತಡವಾದರೆ ಬಿರಿಯುತ್ತದೆ; ಒಂದು ಬೇಯುವಷ್ಟರಲ್ಲಿ ಇನ್ನೊಂದು ಬಡಿದು ತಯಾರಿರಬೇಕು. ಎರಡೂ ಕೈಗೆ ಹಿಟ್ಟು, ಕಣ್ಣು ಹಂಚಿನ ಮೇಲೆ. ಸರಿಯಾಗಿ ಅದೇ ಹೊತ್ತಿಗೆ, ಏಳು ಗಂಟೆಗೆ, ಪುಸ್ತಕ ಹಿಡಿದು ಬಂದು "ಅವ್ವಾ, ಇದು ಹೆಂಗ?" ಎಂದರೆ ಸಿಗುವುದು ಬೈಗುಳ. ಆ ಸಿಟ್ಟು ಭಾಗಾಕಾರದ ಮೇಲಿನದಲ್ಲ, ಸೀದ ರೊಟ್ಟಿಯ ಮೇಲಿನದು. ಮಗುವಿಗೆ ಅದು ಗೊತ್ತಾಗುವುದಿಲ್ಲ, ಭಾಗಾಕಾರ ಎಂದರೆ ಅವ್ವನ ಸಿಟ್ಟು ಎಂದೇ ನೆನಪಿಟ್ಟುಕೊಳ್ಳುತ್ತದೆ.

ಹೊತ್ತನ್ನು ಬದಲಿಸಲು ಆಗದಿದ್ದರೂ ಕೆಲಸವನ್ನು ಬದಲಿಸಬಹುದು. ರೊಟ್ಟಿ ಹೊತ್ತಿನಲ್ಲಿ ಕೈ, ಕಣ್ಣು ಬಿಡುವಿಲ್ಲ, ಕಿವಿ ಬಿಡುವಿದೆ. ಹಾಗಾಗಿ ಮಗ್ಗಿ, ಪದ್ಯ, ವಚನ, ಬಾಯಿಪಾಠ ಯಾವುದಿದ್ದರೂ ಆಗ. ಅಡುಗೆಮನೆಯ ಬಾಗಿಲಲ್ಲಿ ಕೂತು ಏಳರ ಮಗ್ಗಿ ಹೇಳಲಿ. ಏಳೇಳಲೆ ಎಲ್ಲಿ ತಪ್ಪಿತು ಎಂದು ಹಿಂದೆ ತಿರುಗದೇ ಹೇಳಬಹುದು. ನೋಡಿ ಬರೆಯುವ ಕೆಲಸವೂ ಆಗ ನಡೆಯುತ್ತದೆ. ಲೆಕ್ಕ ಮತ್ತು ಹೊಸ ಪಾಠ ಮಾತ್ರ ಅದಕ್ಕೆ ಮುಂಚೆ. ಶಾಲೆಯಿಂದ ಬಂದು, ಚುರಮರಿಯೋ ಅವಲಕ್ಕಿಯೋ ತಿಂದು, ಒಂದು ತಾಸು ಹೊರಗೆ ಆಡಿ ಬಂದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಕೂಡಿಸಿದರೆ ಆರೂವರೆಯಿಂದ ಏಳರ ತನಕ ಅರ್ಧ ತಾಸು ಸಿಗುತ್ತದೆ. ಆಟ ತಪ್ಪಿಸಿ ಐದಕ್ಕೇ ಕೂಡಿಸುವವರು ಬಹಳ. ಆಗ ಬರೆದ ಹೊತ್ತು ಅಷ್ಟೇ ಇರುತ್ತದೆ, ಕೂತ ಹೊತ್ತು ಮಾತ್ರ ಬೆಳೆಯುತ್ತದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೊಂದು ಲೆಕ್ಕವೂ ಇದೆ, ನೀರು ಬರೋ ದಿನ. ದಿನಗಟ್ಟಲೆ ಬಿಟ್ಟು ನೀರು ಬರುವ ಓಣಿಗಳಲ್ಲಿ ಆ ಸಂಜೆ ಮನೆಮಂದಿಯೆಲ್ಲ ಬಿಂದಿಗೆ, ಪೈಪು, ಸಿಂಟೆಕ್ಸಿನ ಹಿಂದೆ. ಅವತ್ತು ಹೋಮ್‌ವರ್ಕ್ ಆಗುವುದಿಲ್ಲ ಎಂದು ಒಪ್ಪಿಕೊಂಡರೆ ಜಗಳವೇ ಇಲ್ಲ. ಬೆಳಿಗ್ಗೆ ಅರ್ಧ ತಾಸು ಮುಂಚೆ ಎಬ್ಬಿಸಿದರೆ ಮುಗಿಯಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ನಿಗೆ ತೊಟ್ಟು ಬಿಡಿಸಲು ಹೋಗುವ ತಾಯಂದಿರ ಮನೆಗೂ, ಗದಗ-ಬೆಟಗೇರಿಯ ಮಗ್ಗದ ಮನೆಗೂ ಇದೇ ಮಾತು ಇನ್ನಷ್ಟು ಅನ್ವಯಿಸುತ್ತದೆ. ಅಲ್ಲಿ ಸಂಜೆ ಪಕ್ಕದಲ್ಲಿ ಕೂತು ಹೇಳಿಕೊಡಲು ಯಾರಿಗೂ ಕೈ ಬಿಡುವಿಲ್ಲ. ಅಂಥ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ ಕೊನೆಯ ಪೀರಿಯಡ್ಡಿನ ಹದಿನೈದು ನಿಮಿಷ ಅಲ್ಲೇ ಹೋಮ್‌ವರ್ಕ್ ಶುರು ಮಾಡಿಸುವ ಶಿಕ್ಷಕರು ಜಾಣರು. ಮೊದಲ ಎರಡು ಲೆಕ್ಕ ಅವರ ಕಣ್ಣೆದುರಿಗೆ ಆದರೆ ಉಳಿದದ್ದನ್ನು ಮಗು ತಾನೇ ಮಾಡಿಕೊಳ್ಳುತ್ತದೆ.

ಹೇಳಿಕೊಡುವವರು ಇದ್ದರೂ ತೊಂದರೆ ತಪ್ಪಿದ್ದಲ್ಲ. ಅದೇ 52–27 ತಗೊಳ್ಳಿ. ಶಾಲೆಯಲ್ಲಿ ಐದು ದಶಕದಲ್ಲಿ ಒಂದನ್ನು ಒಡೆದು 2 ಬಿಡಿಗೆ ಸೇರಿಸಿ 12 ಮಾಡುತ್ತಾರೆ. ಮೇಲಿನ 5 ಹೊಡೆದು 4 ಬರೆಯುತ್ತಾರೆ. 12ರಲ್ಲಿ 7 ಹೋದರೆ 5, 4ರಲ್ಲಿ 2 ಹೋದರೆ 2. ಅಜ್ಜನಿಗೆ ಬರುವ ರೀತಿ ಬೇರೆ ಇರಬಹುದು: ಮೇಲಿನ 2ಕ್ಕೆ ಹತ್ತು ಕೊಟ್ಟು 12 ಮಾಡು, ಕೆಳಗಿನ 2ಕ್ಕೆ ಒಂದು ಕೂಡಿಸಿ 3 ಮಾಡು, 5ರಲ್ಲಿ 3 ಹೋದರೆ 2. ಎರಡಕ್ಕೂ ಉತ್ತರ 25. ಎರಡೂ ಸರಿ. ಆದರೆ ಮಗು ಎರಡನ್ನೂ ಬೆರೆಸುತ್ತದೆ: ಮೇಲಿನ 5ನ್ನು 4 ಮಾಡಿ, ಕೆಳಗಿನ 2ನ್ನೂ 3 ಮಾಡಿ, 4ರಲ್ಲಿ 3 ಕಳೆದು 15 ತರುತ್ತದೆ. ನೋಟ್‌ಬುಕ್ಕಿನಲ್ಲಿ 15 ಕಂಡರೆ ಮನೆಯಲ್ಲಿ ಇಬ್ಬರು ಗುರುಗಳಿದ್ದಾರೆ ಎಂದೇ ತಿಳಿಯಬೇಕು. "ಟೀಚರ್ ಹಿಂಗ ಹೇಳಿಲ್ಲ" ಎಂದು ಮಗು ಅಂದಾಗ ಅಜ್ಜನಿಗೆ ಅವಮಾನ, ಸೊಸೆಗೆ ಮುಜುಗರ. ಒಂದೇ ಕಟ್ಟಳೆ ಸಾಕು: ನೋಟ್‌ಬುಕ್ಕಿನಲ್ಲಿ ಶಾಲೆಯ ರೀತಿ, ಅಜ್ಜನ ರೀತಿ ಉತ್ತರ ತಾಳೆ ನೋಡಲು, ಅದೂ ಶಾಲೆಯ ರೀತಿ ಗಟ್ಟಿಯಾದ ಮೇಲೆ. ಅಜ್ಜನಿಗೂ ಕೆಲಸ ಉಳಿಯಿತು.

ಉಕ್ತಲೇಖನದ್ದು ನಮ್ಮ ಸೀಮೆಗೇ ಮೀಸಲಾದ ತೊಂದರೆ. ಅವ್ವ ಓದಿ ಹೇಳುತ್ತಾಳೆ: ಮನಿ, ಮಳಿ, ತಲಿ, ಬ್ಯಾಳಿ. ಮಗು ಕೇಳಿದ್ದನ್ನೇ ಬರೆಯುತ್ತದೆ. ಮರುದಿನ ಅಕ್ಕೋರು ನಾಲ್ಕಕ್ಕೂ ಕೆಂಪು ಗೆರೆ ಎಳೆದು ಮನೆ, ಮಳೆ, ತಲೆ, ಬೇಳೆ ಎಂದು ತಿದ್ದುತ್ತಾರೆ. ಮಗುವಿನ ಕಿವಿಯಲ್ಲೇನೂ ದೋಷವಿಲ್ಲ, ಅವ್ವನ ಮಾತಿನಲ್ಲೂ ಇಲ್ಲ. ಆದರೂ ಆ ಸಂಜೆ "ನಿನಗ ಓದಾಕ ಬರಂಗಿಲ್ಲ" ಎಂದು ಮಗು ತಾಯಿಗೆ ಅಂದುಬಿಡುತ್ತದೆ, ಅದು ಬಹಳ ದಿನ ಚುಚ್ಚುತ್ತದೆ. ಉಕ್ತಲೇಖನ ಹೇಳುವಾಗ ಪುಸ್ತಕ ನೋಡಿ ಅಕ್ಷರಕ್ಕೆ ಅಕ್ಷರ ಹೇಳಬೇಕು, ಕೊನೆಯ 'ಎ'ಕಾರವನ್ನು ಸ್ವಲ್ಪ ಎಳೆದು. "ಮಾತಾಡೂದು ಮನಿ, ಬರಿಯೂದು ಮನೆ" ಎಂದು ಒಮ್ಮೆ ಹೇಳಿಕೊಟ್ಟರೆ ಮಕ್ಕಳು ಇದನ್ನು ಆಟದಂತೆ ಹಿಡಿಯುತ್ತವೆ. ಗೋಡೆಯ ಮೇಲೆ ಎರಡು ಸಾಲು ಮಾಡಿ ಬರೆದು ಹಚ್ಚಿ, ವಾರದಲ್ಲಿ ಮೂವತ್ತು ಜೋಡಿ ಸಿಗುತ್ತವೆ. ಅಕ್ಕೋರೂ ಇದನ್ನು ಕಾಗುಣಿತದ ತಪ್ಪಿನ ಜೊತೆ ಸೇರಿಸದೇ ಬೇರೆ ಗುರುತು ಹಾಕಿದರೆ ಒಳ್ಳೆಯದು. 'ವಿದ್ಯಾರ್ಥಿ'ಯ ಮಹಾಪ್ರಾಣ ಬಿಟ್ಟು ಬರೆದದ್ದೂ 'ಮನಿ' ಎಂದು ಬರೆದದ್ದೂ ಒಂದೇ ಜಾತಿಯ ತಪ್ಪಲ್ಲ.

ತಪ್ಪಿದ ಪದವನ್ನು ಐವತ್ತು ಸಲ ಬರೆಸುವ ಶಿಕ್ಷೆ ಇನ್ನೂ ಜೀವಂತ ಇದೆ. ಮಗು ಅದನ್ನು ಹೇಗೆ ಬರೆಯುತ್ತದೆ ಎಂದು ಪಕ್ಕದಲ್ಲಿ ನಿಂತು ನೋಡಿದ್ದೀರಾ? 'ವಿಜ್ಞಾನ' ಎಂದು ಕೊಟ್ಟರೆ ಮೇಲಿನಿಂದ ಕೆಳಗೆ ಐವತ್ತು 'ವಿ', ಆಮೇಲೆ ಪಕ್ಕದಲ್ಲಿ ಐವತ್ತು 'ಜ್ಞಾ', ಕೊನೆಗೆ ಐವತ್ತು 'ನ'. ಪದವನ್ನು ಒಂದು ಸಲವೂ ಬರೆದಂತಾಗಲಿಲ್ಲ. ಐದು ಸಲ ಸಾಕು: ನೋಡು, ಮುಚ್ಚು, ಬರಿ, ತೆಗೆದು ತಾಳೆ ನೋಡು. ಮರುದಿನ ಮೊದಲೇ ಹೇಳದೇ ಇದ್ದಕ್ಕಿದ್ದಂತೆ ಒಮ್ಮೆ ಬರೆಸಿ.

ಇಂಗ್ಲಿಷ್ ಮೀಡಿಯಮ್ಮಿನ ಐದನೇ ತರಗತಿಗೆ ಬರುವಷ್ಟರಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಅಪ್ಪ-ಅವ್ವ ಕೈಚೆಲ್ಲುತ್ತಾರೆ. "ನಮಗ ಇದು ತಿಳಿಯಂಗಿಲ್ಲ, ಟ್ಯೂಷನ್‌ಗೆ ಹಚ್ಚೋಣ." ತಮಾಷೆ ಎಂದರೆ ಅದು ಅವರಿಗೆ ಚೆನ್ನಾಗಿ ತಿಳಿದ ವಿಷಯ. ಮಗು ಎಲ್‌ಸಿಎಂ ಎನ್ನುವುದೇ ಅವರು ಕಲಿತ ಲ.ಸಾ.ಅ., ಎಚ್‌ಸಿಎಫ್ ಎಂದರೆ ಮ.ಸಾ.ಅ. ನ್ಯೂಮರೇಟರ್ ಎಂದರೆ ಅಂಶ, ಡಿನಾಮಿನೇಟರ್ ಎಂದರೆ ಛೇದ, ಫೋಟೋಸಿಂಥೆಸಿಸ್ ಎಂದರೆ ದ್ಯುತಿಸಂಶ್ಲೇಷಣೆ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಅದೇ ತರಗತಿಯ ಕನ್ನಡ ಮಾಧ್ಯಮದ ಗಣಿತ, ವಿಜ್ಞಾನ ಪುಸ್ತಕ ಪುಕ್ಕಟೆ ಸಿಗುತ್ತದೆ. ಮೊಬೈಲಿನಲ್ಲಿ ಇಳಿಸಿಕೊಂಡು ಅವತ್ತಿನ ಪಾಠವನ್ನು ಅಪ್ಪ ಕನ್ನಡದಲ್ಲಿ ಹತ್ತು ನಿಮಿಷ ಓದಿಕೊಂಡರೆ ಸಾಕು, ಮಗು ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ವಿವರಿಸಲು ಕೇಳಬಹುದು. ಕನ್ನಡದಲ್ಲಿ ಹೇಳಲು ಬಂದರೆ ಅದಕ್ಕೆ ತಿಳಿದಿದೆ. ಬರದಿದ್ದರೆ ಇಂಗ್ಲಿಷಿನ ಉತ್ತರ ಬರೀ ಬಾಯಿಪಾಠ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇಂಥ ಜೋಡಿ ಪದಗಳನ್ನು ಬರೆಯುತ್ತಾ ಹೋಗಿ.

ಟ್ಯೂಷನ್ನಿಗೆ ಹಾಕಿದರೂ ಒಂದು ಪರೀಕ್ಷೆ ಮಾಡಿ. ಅಲ್ಲಿ ಮುಗಿಸಿಕೊಂಡು ಬಂದ ಹೋಮ್‌ವರ್ಕಿನ ಒಂದು ಲೆಕ್ಕವನ್ನು ಅಂಕಿ ಬದಲಿಸಿ ಖಾಲಿ ಹಾಳೆಯಲ್ಲಿ ಮಾಡಿಸಿ. ಬರದಿದ್ದರೆ ಟ್ಯೂಷನ್ನಿನ ಬೋರ್ಡಿನಿಂದ ನಕಲು ಮಾಡುತ್ತಿದೆ ಎಂದರ್ಥ, ದುಡ್ಡು ಕೊಟ್ಟು ರಬ್ಬರ್ ಕೊಂಡಂತೆ.

ಪ್ರಾಜೆಕ್ಟ್ ಎಂಬುದು ಭಾನುವಾರ ರಾತ್ರಿಯ ಹಬ್ಬ. ಶುಕ್ರವಾರ ಕೊಟ್ಟದ್ದು ಭಾನುವಾರ ಒಂಬತ್ತಕ್ಕೆ ನೆನಪಾಗುತ್ತದೆ, ಆಗ ಯಾವ ಸ್ಟೇಷನರಿ ಅಂಗಡಿ ತೆರೆದಿರುತ್ತದೆ? ಅಪ್ಪ ಬೈಕ್ ತೆಗೆದುಕೊಂಡು ಹೊರಡುತ್ತಾನೆ, ಅವ್ವ ಹನ್ನೊಂದರ ತನಕ ಥರ್ಮೋಕೋಲ್ ಕೊಯ್ಯುತ್ತಾಳೆ, ಮಗು ಮಲಗಿರುತ್ತದೆ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಎರಡು ಚಾರ್ಟ್ ಶೀಟ್, ಒಂದು ಗೋಂದು, ಸ್ಕೆಚ್ ಪೆನ್, ಹಳೆಯ ಲಗ್ನಪತ್ರಿಕೆ ಯಾವಾಗಲೂ ಇರಲಿ. ಲಗ್ನಪತ್ರಿಕೆಯ ದಪ್ಪ ಹಾಳೆ ಮನೆ, ಸೇತುವೆ, ಗಡಿಯಾರದ ಮಾದರಿಗೆ ಥರ್ಮೋಕೋಲಿಗಿಂತ ಚೆನ್ನ. ಮಕ್ಕಳ ಕತ್ತರಿಗೆ ಬಗ್ಗುತ್ತದೆ. ಮಗು ಮಾಡಿದ್ದು ಸೊಟ್ಟಗಿರುತ್ತದೆ, ಸೊಟ್ಟಗೇ ಹೋಗಲಿ. ದೊಡ್ಡವರ ಕೈಬರಹ ಎಂದು ಶಿಕ್ಷಕರಿಗೆ ಚಾರ್ಟ್ ಬಿಚ್ಚಿದ ಕೂಡಲೇ ತಿಳಿಯುತ್ತದೆ, ಅವರೂ ಮಾತಾಡುವುದಿಲ್ಲ ಅಷ್ಟೇ.

ಮನೆಯೊಳಗೆ ಕೆಲಸ ಹಂಚಿಕೆಯಾಗುವ ರೀತಿಯೂ ಜಗಳಕ್ಕೆ ಕಾರಣ. ಹೇಳಿಕೊಡುವುದು, ಬೈಯುವುದು ಎಲ್ಲ ಅವ್ವನ ಪಾಲು, ಅಂಕ ಬಂದ ದಿನ "ನೀ ಏನ ನೋಡ್ತಿ ಮನ್ಯಾಗ?" ಎಂದು ಕೇಳುವುದು ಅಪ್ಪನ ಪಾಲು. ಅಕ್ಕ ಇದ್ದರೆ ತಮ್ಮನ ಹೋಮ್‌ವರ್ಕ್ ಅವಳ ತಲೆಗೆ. ಅವಳು ಎಂಟನೇ ತರಗತಿಯಲ್ಲಿದ್ದರೆ ಅವಳಿಗೂ ದಿನಕ್ಕೆ ಒಂದು ತಾಸಿನ ಕೆಲಸ ಇದೆ ಎಂಬುದನ್ನು ಯಾರೂ ನೆನೆಯುವುದಿಲ್ಲ. ತಮ್ಮನಿಗೆ ಓದಿ ಹೇಳುವುದು, ಮಗ್ಗಿ ಕೇಳುವುದು ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ತಪ್ಪಿಗೆ ಅವಳನ್ನು ಹೊಣೆ ಮಾಡುವುದಂತೂ ಬೇಡವೇ ಬೇಡ. ಹೋಮ್‌ವರ್ಕಿನ ಮೆಸೇಜ್ ಬರುವುದು ಅಪ್ಪನ ಫೋನಿಗೆ, ಅಪ್ಪ ಇರುವುದು ದುರ್ಗದಬೈಲಿನ ಅಂಗಡಿಯಲ್ಲೋ ಚಿಗರಿ ಬಸ್ಸಿನಲ್ಲೋ. ಒಂಬತ್ತಕ್ಕೆ ಬಂದು ಫೋನ್ ತೆಗೆದಾಗ ಊಟ ಮುಗಿಸಿದ ಮಗುವನ್ನು ಮತ್ತೆ ಎಬ್ಬಿಸಿ ಕೂಡಿಸುವುದು ಎಷ್ಟು ಮನೆಗಳ ದಿನಚರಿ! ಬೋರ್ಡಿನ ಮೇಲಿನದನ್ನು ಡೈರಿಗೆ ಬರೆದುಕೊಂಡು ಬರುವ ರೂಢಿಯನ್ನು ಮಗುವಿಗೆ ಮಾಡಿಸಿ, ಏಳೂವರೆ ನಂತರ ಬಂದ ಮೆಸೇಜಿನ ಕೆಲಸ ಮರುದಿನಕ್ಕೆ ಎಂದು ಶಾಲೆಗೆ ಮೊದಲೇ ತಿಳಿಸಿಡಿ.

ಉಳಿದದ್ದು ಡೈರಿಯ ಸಹಿ. ಶನಿವಾರ ಬೆಳಿಗ್ಗೆ ಸ್ಕೂಟರಿನ ಸೀಟಿನ ಮೇಲೆ ಇಟ್ಟು ಆರು ದಿನದ್ದನ್ನು ಒಟ್ಟಿಗೆ ಹಾಕುವ ಸಹಿಗೆ ಅರ್ಥವಿಲ್ಲ. ಸಹಿಯ ಪಕ್ಕದಲ್ಲಿ ಎಷ್ಟು ನಿಮಿಷ ಹಿಡಿಯಿತು, ಎಷ್ಟು ಲೆಕ್ಕ ಮಗು ತಾನೇ ಮಾಡಿತು ಎಂದು ಅಂಕಿಯಲ್ಲೇ ಬರೆಯಿರಿ: '25 ನಿ., 6ರಲ್ಲಿ 4'. ಇದಕ್ಕೆ ಅಪ್ಪನೂ ಸಾಕು, ಅಜ್ಜಿಯೂ ಸಾಕು, ಇಂಗ್ಲಿಷ್ ಬೇಕಿಲ್ಲ. ಎರಡು ತಿಂಗಳ ಡೈರಿ ಹಿಡಿದು ಪಾಲಕರ ಸಭೆಗೆ ಹೋದರೆ "ನಿಮ್ಮ ಮಗ ಮನ್ಯಾಗ ಓದಂಗಿಲ್ಲೇನ್ರಿ?" ಎಂಬಲ್ಲಿಂದ ಮಾತು ಶುರುವಾಗುವುದಿಲ್ಲ. ಟೀಚರ್ ಪುಟ ತಿರುವಿ, ಯಾವ ವಾರದಿಂದ 6ರಲ್ಲಿ 4 ಇದ್ದದ್ದು 6ರಲ್ಲಿ 1 ಆಯಿತು ಎಂದು ನೋಡಿ, ಆ ವಾರ ಯಾವ ಪಾಠ ಮಾಡಿದ್ದೆ ಎಂದು ತಮ್ಮ ಪುಸ್ತಕ ತೆಗೆಯುತ್ತಾರೆ.